ಆದರ್ಶ ಸಮಾಜದ ನಕ್ಷೆಯನ್ನು ಚರಂಡಿಯ ಕಡೆಯಿಂದ ಬಿಡಿಸಿ

ಆದರ್ಶ ಸಮಾಜವೊಂದನ್ನು ಕಲ್ಪಿಸಿಕೊಳ್ಳಿ ಎಂದರೆ ಸಾಮಾನ್ಯವಾಗಿ ಎಲ್ಲರೂ ಮುಂಬಾಗಿಲಿನಿಂದ ಶುರು ಮಾಡುತ್ತಾರೆ. ಸಮಾನತೆ, ಪ್ರೀತಿ, ಹಸಿರು ಪರಿಸರ, ಕೈತುಂಬ ಕೆಲಸ. ಪಳಗಿದ ಮೇಸ್ತ್ರಿ ಮನೆ ಕಟ್ಟುವಾಗ ಹಾಗೆ ಮಾಡುವುದಿಲ್ಲ. ಮಳೆನೀರು ಎತ್ತ ಇಳಿಯುತ್ತದೆ, ಬಚ್ಚಲ ನೀರು ಎಲ್ಲಿಗೆ ಸೇರಬೇಕು ಎಂದು ಮೊದಲು ನೋಡಿ, ಆ ಮಟ್ಟದಿಂದ ಮೇಲಕ್ಕೆ ಪಾಯದ ಎತ್ತರವನ್ನು ಲೆಕ್ಕ ಹಾಕುತ್ತಾನೆ. ಮುಂಬಾಗಿಲನ್ನು ಎಷ್ಟು ಚೆಂದ ಕೆತ್ತಿಸಿದರೂ ಚರಂಡಿಯ ಮಟ್ಟ ತಪ್ಪಿದ ಮನೆಯಲ್ಲಿ ನೀರು ಒಳಗೇ ನಿಲ್ಲುತ್ತದೆ.

ಸಮಾಜಕ್ಕೂ ಚರಂಡಿ ಬೇಕು. ತಪ್ಪು ತೀರ್ಮಾನ, ಜಗಳ, ದಣಿವು, ದುರಾಸೆ, ಬೇಸತ್ತು ಹೊರಟು ನಿಂತವರು, ಇವೆಲ್ಲ ಎಲ್ಲಿ ಹರಿದು ಹೋಗಬೇಕು ಎಂಬುದನ್ನು ನಕ್ಷೆಯಲ್ಲಿ ಮೊದಲು ಗುರುತಿಸಬೇಕು. ಒಳ್ಳೆಯ ಗುರಿ ಇಟ್ಟುಕೊಂಡು ಹುಟ್ಟಿದ ಪ್ರಯೋಗಗಳು ಬಿದ್ದದ್ದು ಹೆಚ್ಚಾಗಿ ಇಲ್ಲಿಯೇ. ಬ್ರಿಟನ್ನಿನ ಸಮಾಜ ಸುಧಾರಕ ರಾಬರ್ಟ್ ಓವೆನ್ 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಶುರು ಮಾಡಿದ ನ್ಯೂ ಹಾರ್ಮನಿ ಎಂಬ ಸಹಬಾಳ್ವೆಯ ನೆಲೆಯಲ್ಲಿ ಕಟ್ಟಡಗಳಿದ್ದವು, ಹೊಲಗಳಿದ್ದವು, ಸ್ಥಾಪಕರ ಹಣವೂ ಇತ್ತು. ಬಂದವರನ್ನೆಲ್ಲ ಸೇರಿಸಿಕೊಂಡರು, ಕಸುಬು ಬಲ್ಲವರು ಸಾಲಲಿಲ್ಲ. ಯಾರು ಎಷ್ಟು ದುಡಿಯಬೇಕು, ದುಡಿಯದಿದ್ದರೆ ಏನು ಎಂಬುದಕ್ಕೆ ನಿಂತ ಉತ್ತರವಿರಲಿಲ್ಲ. ಸಂವಿಧಾನವನ್ನು ಮತ್ತೆ ಮತ್ತೆ ಬದಲಿಸುತ್ತ 1827ರ ಹೊತ್ತಿಗೆ ಪ್ರಯೋಗ ಮುಗಿದೇಹೋಯಿತು.

ಲೆಕ್ಕಕ್ಕೆ ಸುಲಭವಾಗಲೆಂದು ಇಲ್ಲಿ 1000 ಜನರ ಒಂದು ನೆಲೆಯನ್ನು ಇಟ್ಟುಕೊಳ್ಳೋಣ. 250 ಮನೆ, 700 ವಯಸ್ಕರು, ಅವರಲ್ಲಿ ದುಡಿಯುವ ಶಕ್ತಿಯಿರುವವರು 600. ನಿಮ್ಮ ಕಲ್ಪನೆಯ ಅಳತೆ ಬೇರೆಯಿದ್ದರೆ ಅಂಕಿಗಳನ್ನು ಬದಲಿಸಿಕೊಳ್ಳಿ, ಲೆಕ್ಕದ ದಾರಿ ಅದೇ.

ಎಷ್ಟು ಜನ?

ಈ ಪ್ರಶ್ನೆಗೆ ಹಳಬರು ತಮಾಷೆಯಾಗಿ ಕಾಣುವಷ್ಟು ನಿಖರವಾದ ಉತ್ತರ ಕೊಟ್ಟಿದ್ದಾರೆ. ಪ್ಲೇಟೊ ಕೊಟ್ಟ ಸಂಖ್ಯೆ (ನೆಲವಿರುವ ಮನೆತನಗಳದ್ದು) 5040. ಅದು 1ರಿಂದ 10ರವರೆಗಿನ ಎಲ್ಲ ಅಂಕಿಗಳಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ, ಆದ್ದರಿಂದ ನೆಲ ಹಂಚಲು, ತಂಡ ಕಟ್ಟಲು ಅನುಕೂಲ. ಫ್ರಾನ್ಸಿನ ಷಾರ್ಲ್ ಫೂರಿಯೆ 1620 ಎಂದರು: ಮನುಷ್ಯ ಸ್ವಭಾವಗಳು 810 ಬಗೆ, ಪ್ರತಿ ಬಗೆಗೊಬ್ಬ ಗಂಡು, ಒಬ್ಬ ಹೆಣ್ಣು. ಇಬ್ಬರೂ ಸಂಖ್ಯೆಯನ್ನು ಹಂಚಿಕೆಯ ಕಡೆಯಿಂದ ನೋಡಿದರು. ನಾನು ಪರಿಚಯದ ಕಡೆಯಿಂದ ನೋಡುತ್ತೇನೆ. 10 ಜನರ ನಡುವೆ ಇಬ್ಬಿಬ್ಬರ ಸಂಬಂಧಗಳು 45. 150 ಜನರಲ್ಲಿ 11,175. 1000 ಜನರಲ್ಲಿ 4,99,500. ಒಬ್ಬರನ್ನೊಬ್ಬರು ನಿಜವಾಗಿ ಬಲ್ಲ ಗುಂಪಿನ ಮಿತಿ ಸುಮಾರು 150 ಎಂದು ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಸೂಚಿಸಿದ್ದಾರೆ. ಆ ಅಂಕಿಯ ಬಗ್ಗೆ ತಕರಾರುಗಳಿವೆ, ಆದರೆ ಒಂದು ಮಿತಿಯಂತೂ ಇದೆ. ಅದರಾಚೆ ಮುಖದಾಕ್ಷಿಣ್ಯ ಕೆಲಸ ಮಾಡುವುದಿಲ್ಲ, ಬರೆದಿಟ್ಟ ನಿಯಮ ಬೇಕಾಗುತ್ತದೆ.

ಹಾಗಾಗಿ 1000ವನ್ನು 125ರಂತೆ 8 ಕೇರಿಗಳಾಗಿ ಒಡೆಯಿರಿ. ಮಕ್ಕಳನ್ನು ನೋಡಿಕೊಳ್ಳುವುದು, ನೆರೆಹೊರೆಯ ಸದ್ದುಗದ್ದಲದ ದೂರು, ಅಡುಗೆ ಸರದಿ ಕೇರಿಯಲ್ಲೇ ಮುಗಿಯಲಿ. ನೀರು, ಶಾಲೆ, ನೆಲದ ಬಳಕೆ 1000ದ ಮಟ್ಟಕ್ಕೆ ಬರಲಿ. ಇನ್ನು ಕೆಲವು ಕೆಲಸಗಳಿಗೆ ಆ ಮಟ್ಟವೂ ಸಾಲದು. ಹೆರಿಗೆಯನ್ನೇ ನೋಡಿ. ಜಗತ್ತಿನ ಸರಾಸರಿ ಜನನ ಪ್ರಮಾಣ 1000ಕ್ಕೆ ವರ್ಷಕ್ಕೆ 17ರ ಆಸುಪಾಸು. ಅದರಲ್ಲಿ ಶೇ. 10ರಿಂದ 15ರಷ್ಟಕ್ಕೆ ಶಸ್ತ್ರಚಿಕಿತ್ಸೆ ಬೇಕಾದೀತು ಎಂದು ಹಿಡಿದರೆ ವರ್ಷಕ್ಕೆ ಎರಡೋ ಮೂರೋ. ವರ್ಷಕ್ಕೆರಡು ಬಾರಿ ಕತ್ತರಿ ಹಿಡಿಯುವ ವೈದ್ಯರ ಕೈ ಪಳಗುವುದಿಲ್ಲ, ಆ ಕೈಗೆ ಬಾಣಂತಿಯ ಜೀವವನ್ನು ಒಪ್ಪಿಸಲಾಗದು. ಶಸ್ತ್ರಚಿಕಿತ್ಸೆ, ರಕ್ತನಿಧಿ, ವಿದ್ಯುತ್ ಜಾಲ, ಮೇಲ್ಮನವಿ ಕೇಳುವ ನ್ಯಾಯಸ್ಥಾನ, ಇವಕ್ಕೆ ಹಲವು ನೆಲೆಗಳ ಒಕ್ಕೂಟವೇ ಬೇಕು. ‘ಪೂರ್ಣ ಸ್ವಾವಲಂಬಿ ಪುಟ್ಟ ಊರು’ ಎಂಬ ಕನಸು ಸುಂದರವಾಗಿದೆ, ಆದರೆ ಅದರ ಬೆಲೆಯನ್ನು ತೆರುವವರು ಕಾಯಿಲೆ ಬಿದ್ದವರು. ನಕ್ಷೆಯಲ್ಲಿ ಮೊದಲ ದಿನವೇ ಹೊರಗಿನವರ ಜೊತೆಗಿನ ಒಪ್ಪಂದಕ್ಕೊಂದು ಪುಟ ಮೀಸಲಿಡಿ.

ನೆಲದ ಮಟ್ಟ

ಯಾರೂ ಇದಕ್ಕಿಂತ ಕೆಳಗೆ ಬೀಳಬಾರದು ಎಂಬ ಮಟ್ಟವನ್ನು ವಿಶೇಷಣಗಳಲ್ಲಿ ಬರೆಯಬೇಡಿ, ಅಳತೆಗಳಲ್ಲಿ ಬರೆಯಿರಿ. ‘ಸಾಕಷ್ಟು ನೀರು’ ಎಂದು ಬರೆದರೆ ಕೊಡುವವರೇ ‘ಸಾಕು’ ಎಂದರೇನು ಎಂದು ತೀರ್ಮಾನಿಸುತ್ತಾರೆ. ವಿಪತ್ತಿನ ಹೊತ್ತಿಗೆಂದು ಪರಿಹಾರ ಸಂಸ್ಥೆಗಳು ಒಪ್ಪಿಕೊಂಡಿರುವ ಸ್ಫಿಯರ್ ಮಾನದಂಡಗಳಲ್ಲಿ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 500 ಮೀಟರಿನೊಳಗೆ ನೀರಿನ ಜಾಗ, ಒಂದು ನಲ್ಲಿಗೆ 250ಕ್ಕಿಂತ ಹೆಚ್ಚಿಲ್ಲದ ಜನ, 20 ಜನಕ್ಕೊಂದು ಶೌಚಾಲಯ, ತಲೆಗೆ 3.5 ಚದರ ಮೀಟರ್ ಸೂರು, ದಿನಕ್ಕೆ 2100 ಕಿಲೊಕ್ಯಾಲರಿ ಆಹಾರ ಎಂದಿದೆ. ಇದು ಎಲ್ಲವನ್ನೂ ಕಳೆದುಕೊಂಡು ಶಿಬಿರದಲ್ಲಿ ಕುಳಿತವರಿಗೂ ಸಿಗಬೇಕಾದದ್ದು. ಆದರ್ಶ ಸಮಾಜದ ನೆಲ ಇದಕ್ಕಿಂತ ಬಹಳ ಮೇಲಿರಬೇಕು ತಾನೆ? ಮನೆಬಳಕೆಗೆ 70 ಲೀಟರ್ ಎಂದು ಹಿಡಿದರೆ 1000 ಜನಕ್ಕೆ ದಿನಕ್ಕೆ 70,000 ಲೀಟರ್. ಎರಡು ದಿನದ ದಾಸ್ತಾನು 1,40,000 ಲೀಟರ್. ಅದನ್ನು ಒಂದೇ ತೊಟ್ಟಿಯಲ್ಲಿಡದೆ ಎರಡರಲ್ಲಿಡಿ, ಒಂದನ್ನು ತೊಳೆಯುವಾಗ ಇನ್ನೊಂದು ನಡೆಯುತ್ತಿರುತ್ತದೆ.

ಇಲ್ಲಿ ತಪ್ಪಾಗುವುದು ಸರಾಸರಿಯಿಂದ. ಏರಿನ ತುದಿಯ ಮನೆಗೆ 10 ಲೀಟರ್, ತೊಟ್ಟಿಯ ಪಕ್ಕದ ಮನೆಗೆ 200 ಲೀಟರ್ ಹೋದರೂ ಕಾಗದದ ಮೇಲೆ 70 ಬರಬಹುದು. ಆದ್ದರಿಂದ ಪ್ರತಿ ವಾರ ಪ್ರಕಟಿಸಬೇಕಾದ ಅಂಕಿ ಒಂದೇ: ಅತಿ ಕಡಿಮೆ ಸಿಕ್ಕ ಮನೆಗೆ ಸಿಕ್ಕಿದ್ದೆಷ್ಟು? ಅಳೆಯುವವರು ನೀರು ಬಿಡುವವರಾಗಿರಬಾರದು. ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸಿನ ಸಂದರ್ಭದಲ್ಲಿ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ. ಒಂದು ಅಳತೆಯನ್ನೇ ಗುರಿಯಾಗಿಸಿಬಿಟ್ಟರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ. ಪಂಪು ನೋಡಿಕೊಳ್ಳುವವರನ್ನು ‘ಎಷ್ಟು ರಿಪೇರಿ ಮಾಡಿದಿರಿ’ ಎಂದು ಎಣಿಸಿದರೆ ಪಂಪು ಆಗಾಗ ಕೆಡುತ್ತದೆ. ‘ಎಷ್ಟು ದಿನ ನಿಲ್ಲದೆ ನಡೆಯಿತು’ ಎಂದು ಬಳಸುವವರಿಂದಲೇ ಕೇಳಿ ಬರೆದುಕೊಳ್ಳಿ.

ಕಾಣದ ಕೆಲಸದ ಗಂಟೆಗಳು

ಬಹಳಷ್ಟು ಆದರ್ಶ ನಕ್ಷೆಗಳಲ್ಲಿ ಹೊಲ, ಕಾರ್ಖಾನೆ, ಗ್ರಂಥಾಲಯ ಇರುತ್ತವೆ. ಮಗುವಿನ ಬಟ್ಟೆ ಒಗೆಯುವವರು ಇರುವುದಿಲ್ಲ. ಅದನ್ನು ಲೆಕ್ಕಕ್ಕೆ ತರೋಣ. 3 ವರ್ಷದೊಳಗಿನ 48 ಕೂಸುಗಳು; ನಾಲ್ಕು ಕೂಸಿಗೊಬ್ಬರು, ದಿನಕ್ಕೆ 10 ಗಂಟೆ, 7 ದಿನ: 12 × 70 = 840 ಗಂಟೆ. 3ರಿಂದ 6 ವರ್ಷದ 50 ಮಕ್ಕಳಿಗೆ ಹತ್ತು ಮಕ್ಕಳಿಗೊಬ್ಬರಂತೆ 6 ದಿನ: 300 ಗಂಟೆ. ಹಾಸಿಗೆ ಹಿಡಿದವರು, ಆಸರೆ ಬೇಕಾದ ವೃದ್ಧರು 30 ಜನ, ತಲೆಗೆ ದಿನಕ್ಕೆ 3 ಗಂಟೆ: 630. 250 ಮನೆಗಳ ಅಡುಗೆ, ಪಾತ್ರೆ, ಕಸ ದಿನಕ್ಕೆ ಎರಡೂವರೆ ಗಂಟೆಯಂತೆ: 4375. ಒಟ್ಟು ವಾರಕ್ಕೆ 6145 ಗಂಟೆ.

600 ಜನರೂ ಹಂಚಿಕೊಂಡರೆ ತಲೆಗೆ ವಾರಕ್ಕೆ ಹತ್ತೂಕಾಲು ಗಂಟೆ. ನಕ್ಷೆಯಲ್ಲಿ ಬರೆಯದೆ ಬಿಟ್ಟರೆ ಅದು ಅಭ್ಯಾಸಬಲದಿಂದ ಹೆಂಗಸರ ಪಾಲಿಗೇ ಹೋಗಿ, 300 ಜನರ ಮೇಲೆ ಇಪ್ಪತ್ತೂವರೆ ಗಂಟೆ ಕೂರುತ್ತದೆ. ಅದರ ಮೇಲೆ ‘ಸಭೆಗೆ ಎಲ್ಲರೂ ಸಮಾನವಾಗಿ ಬರಬಹುದು’ ಎಂದು ಬರೆದರೆ ಏನು ಬಂತು? ಸಂಜೆಯ ಸಭೆಗೆ ಬರಲಾಗದವರು ಯಾರು ಎಂದು ಈ ಗಂಟೆಗಳೇ ಮೊದಲೇ ತೀರ್ಮಾನಿಸಿರುತ್ತವೆ.

ಅಡುಗೆಯನ್ನು ಕೇರಿಗೊಂದರಂತೆ ಒಟ್ಟುಗೂಡಿಸಿದರೆ 8 ಅಡುಗೆಮನೆ, ಪ್ರತಿಯೊಂದಕ್ಕೂ 7 ಜನ, 8 ಗಂಟೆ, 7 ದಿನ: 3136. ವಾರಕ್ಕೆ 1239 ಗಂಟೆ ಉಳಿಯುತ್ತದೆ. ಆದರೆ ಮನೆಯ ಒಲೆಯನ್ನು ನಿಷೇಧಿಸಬೇಡಿ. ಮನೆಯೊಳಗಿನ ಬಾಂಧವ್ಯವನ್ನು ಸಮಯ ಉಳಿಸುವ ಹೆಸರಿನಲ್ಲಿ ಕಿತ್ತರೆ ಅದು ತಿರುಗಿ ಬರುತ್ತದೆ. 1910ರಲ್ಲಿ ಡೆಗಾನಿಯಾದಿಂದ ಮೊದಲಾದ ಕಿಬುತ್ಸ್‌ಗಳಲ್ಲಿ, ಅಂದರೆ ಇಂದಿನ ಇಸ್ರೇಲಿನ ಸಾಮೂಹಿಕ ಕೃಷಿ ನೆಲೆಗಳಲ್ಲಿ, ಎಷ್ಟೋ ಕಡೆ ಮಕ್ಕಳು ತಂದೆತಾಯಿಯಿಂದ ಬೇರೆಯಾಗಿ ಮಕ್ಕಳ ಮನೆಯಲ್ಲೇ ಮಲಗುವ ಪದ್ಧತಿಯಿತ್ತು. 1990ರ ದಶಕದ ಹೊತ್ತಿಗೆ ಅದು ಬಹುತೇಕ ನಿಂತುಹೋಯಿತು. ಹಗಲಿನ ಆರೈಕೆಯನ್ನು ಹಂಚಿಕೊಳ್ಳಲು ಜನ ಒಪ್ಪುತ್ತಾರೆ. ರಾತ್ರಿ ಎಚ್ಚರವಾದ ಮಗುವಿನ ಪಕ್ಕದಲ್ಲಿ ಇರುವ ಹಕ್ಕನ್ನು ಬಿಟ್ಟುಕೊಡುವುದಿಲ್ಲ.

ಯಾರೂ ಬಯಸದ ಕೆಲಸಗಳಿಗೆ, ಅಂದರೆ ಶೌಚಗುಂಡಿ, ಕಸ, ಹೆಣದ ಕೆಲಸಕ್ಕೆ, ಎರಡೇ ನ್ಯಾಯದ ದಾರಿಗಳಿವೆ. ಒಂದೋ ಎಲ್ಲರಿಗೂ ಸರದಿ, ಇಲ್ಲವೇ ಜನ ತಾವಾಗಿ ಮುಂದೆ ಬರುವವರೆಗೆ ಕೆಲಸದ ಗಂಟೆ ಇಳಿಸಿ ಕೂಲಿ ಏರಿಸುವುದು. ಮೂರನೆಯ ದಾರಿ ಹುಟ್ಟಿನಿಂದ ಯಾರಿಗೋ ಅಂಟಿಸುವುದು. ಅದು ಎಲ್ಲಿ ಒಮ್ಮೆ ಕಾಲಿಟ್ಟಿದೆಯೋ ಅಲ್ಲಿ ಉಳಿದೆಲ್ಲ ಆದರ್ಶವೂ ಸುಳ್ಳಾಗಿದೆ. ಯಂತ್ರದಿಂದ ಆಗುವುದಕ್ಕೆ ಮನುಷ್ಯರನ್ನು ಗುಂಡಿಗಿಳಿಸಲೇಬಾರದು ಎಂಬುದು ಚರ್ಚೆಗೆ ಬಿಡುವ ನಿಯಮವಲ್ಲ, ನೆಲದ ಮಟ್ಟಕ್ಕೆ ಸೇರಿದ್ದು.

ತೀರ್ಮಾನ ಮಾಡುವವರು

1000 ಜನರೂ ತಲಾ 3 ನಿಮಿಷ ಮಾತನಾಡಿದರೆ ಒಂದು ವಿಷಯಕ್ಕೆ 50 ಗಂಟೆ. ಹಾಗಾಗಿ ಎಲ್ಲರ ಸಭೆ ಎಂದರೆ ಗಟ್ಟಿ ಗಂಟಲಿನ 20 ಜನರ ಸಭೆ. 24 ಜನರ ಮಂಡಳಿಯಾದರೆ ಅದೇ 3 ನಿಮಿಷಕ್ಕೆ 72 ನಿಮಿಷ ಸಾಕು, ಎಲ್ಲರೂ ಮಾತಾಡಿರುತ್ತಾರೆ. ಆ 24 ಜನ ಯಾರು?

ಚುನಾವಣೆ ಒಂದು ದಾರಿ. ಅದರಲ್ಲಿ ಗೆಲ್ಲುವುದೇ ಒಂದು ಕಸುಬಾಗುತ್ತದೆ. ನನ್ನ ಒಲವು ಚೀಟಿ ಎತ್ತುವ ಕಡೆಗೆ. ಇದು ಹೊಸ ಯೋಚನೆಯೇನಲ್ಲ. ಪ್ರಾಚೀನ ಅಥೆನ್ಸ್‌ನಲ್ಲಿ 10 ಬುಡಕಟ್ಟುಗಳಿಂದ ತಲಾ 50ರಂತೆ 500 ಜನರ ಮಂಡಳಿಯನ್ನು ಚೀಟಿಯಿಂದಲೇ ಆರಿಸುತ್ತಿದ್ದರು; ಒಂದು ವರ್ಷದ ಅವಧಿ, ಬದುಕಿನಲ್ಲಿ ಎರಡು ಸಲಕ್ಕಿಂತ ಹೆಚ್ಚಿಲ್ಲ, ಅಧಿಕಾರ ಹಿಡಿಯುವ ಮುನ್ನ ಅರ್ಹತೆಯ ವಿಚಾರಣೆ, ಇಳಿದ ಮೇಲೆ ಲೆಕ್ಕ ಒಪ್ಪಿಸುವ ವಿಚಾರಣೆ. ತಮಿಳುನಾಡಿನ ಉತ್ತರಮೇರೂರಿನ ಸುಮಾರು 920ರ ಶಾಸನದಲ್ಲಿ ಓಲೆಗರಿಯ ಚೀಟಿಗಳನ್ನು ಕೊಡದಲ್ಲಿ ಹಾಕಿ, ಅದರಲ್ಲೇನಿದೆ ಎಂದು ತಿಳಿಯದ ಚಿಕ್ಕ ಹುಡುಗನಿಂದ ಎತ್ತಿಸುವ ಕ್ರಮವಿದೆ. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವರ ಹೆಸರು ಕೊಡಕ್ಕೆ ಬೀಳುವಂತಿಲ್ಲ. ಲೆಕ್ಕ ಒಪ್ಪಿಸದವರ ಹೆಸರೂ ಇಲ್ಲ, ಅವರ ಹತ್ತಿರದ ನೆಂಟರ ಹೆಸರೂ ಇಲ್ಲ. ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದಾರೆ ನೋಡಿ: ಅಧಿಕಾರ ಮನೆತನದೊಳಗೇ ಸುತ್ತುವುದನ್ನು ಅವರು ಕಣ್ಣಾರೆ ಕಂಡಿದ್ದಿರಬೇಕು. ಆದರೆ ಎರಡೂ ಕಡೆ ಕೊಡದೊಳಗೆ ಬೀಳದ ಹೆಸರುಗಳೇ ಹೆಚ್ಚು. ಅಲ್ಲಿ ಹೆಂಗಸರು, ಗುಲಾಮರು, ವಲಸಿಗರು, ಇಲ್ಲಿ ನೆಲವಿಲ್ಲದವರು. ಚೀಟಿ ಎತ್ತುವ ಕೈ ಎಷ್ಟೇ ಮುಗ್ಧವಾಗಿದ್ದರೂ ಕೊಡ ತುಂಬಿಸಿದವರು ಮುಗ್ಧರಲ್ಲ.

ನಮ್ಮ ನೆಲೆಗೆ ಹೀಗೆ ಮಾಡಬಹುದು. 700 ವಯಸ್ಕರ ಪಟ್ಟಿಯನ್ನು ತಿಂಗಳ ಮೊದಲೇ ಗೋಡೆಗೆ ಅಂಟಿಸಿ, ಬಿಟ್ಟುಹೋದ ಹೆಸರುಗಳನ್ನು ಸೇರಿಸಿ. ಎಲ್ಲರೆದುರು ಎತ್ತಿ. ಒಂದು ಅಪಾಯವನ್ನು ಮಾತ್ರ ಅಂಕಿಯಲ್ಲಿ ಅರಿತಿರಬೇಕು. ಶೇ. 10ರಷ್ಟಿರುವ ಗುಂಪಿನ ಒಬ್ಬರೂ 24ರಲ್ಲಿ ಬಾರದಿರುವ ಸಾಧ್ಯತೆ ಶೇ. 8. ಶೇ. 5ರಷ್ಟಿರುವ ಗುಂಪಿಗೆ ಅದು ಶೇ. 29. ಅಂದರೆ ಹತ್ತು ಮಂಡಳಿಗಳಲ್ಲಿ ಸುಮಾರು ಮೂರರಲ್ಲಿ ಅವರ ಧ್ವನಿಯೇ ಇರುವುದಿಲ್ಲ. ಇದಕ್ಕೆ ಪರಿಹಾರ ಪಟ್ಟಿಯನ್ನು ಮೊದಲೇ ಪಾಲು ಮಾಡುವುದು: ಹೆಣ್ಣು-ಗಂಡು, ವಯಸ್ಸು, ಕೇರಿ, ಅಂಗವೈಕಲ್ಯ, ಹೊಸದಾಗಿ ಬಂದವರು. ಪ್ರತಿ ಪಾಲಿನಿಂದ ಅದರ ಪ್ರಮಾಣಕ್ಕೆ ತಕ್ಕಷ್ಟು, ಅತಿ ಚಿಕ್ಕ ಪಾಲಿನಿಂದಲೂ ಕನಿಷ್ಠ ಇಬ್ಬರು. ಒಬ್ಬರೇ ಇದ್ದರೆ ಇಡೀ ಗುಂಪಿನ ವಕ್ತಾರರಾಗುವ ಹೊರೆ ಅವರ ಮೇಲೆ ಬೀಳುತ್ತದೆ.

ಬರಲು ಒಪ್ಪದವರು ಇದ್ದೇ ಇರುತ್ತಾರೆ. ಕೂಲಿ ತಪ್ಪುವವರು, ಮಗು ಬಿಡಲಾಗದವರು ಮೊದಲು ಹಿಂದೆ ಸರಿಯುತ್ತಾರೆ, ಬಿಡುವಿರುವವರು ಉಳಿಯುತ್ತಾರೆ. ಹಾಗಾಗಿ ಸಭೆಯ ದಿನದ ಕೂಲಿ, ಅಲ್ಲೇ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಎರಡೂ ನಿಯಮದಲ್ಲೇ ಇರಬೇಕು. ತೆರವಾದ ಜಾಗವನ್ನು ಅದೇ ಪಾಲಿನಿಂದ, ಅದೇ ರೀತಿ ಎಲ್ಲರೆದುರು ಎತ್ತಿಯೇ ತುಂಬಬೇಕು. ಐರ್ಲೆಂಡಿನಲ್ಲಿ 2016ರಲ್ಲಿ ಶುರುವಾದ 99 ನಾಗರಿಕರ ಸಭೆ ಈ ಪದ್ಧತಿಯ ಒಳ್ಳೆಯ ಉದಾಹರಣೆ. ಗರ್ಭಪಾತದ ಕಾನೂನಿನಂಥ ಕಠಿಣ ವಿಷಯವನ್ನು ಅದು ಶಾಂತವಾಗಿ ಚರ್ಚಿಸಿತು, 2018ರ ಮೇ 25ರ ಜನಮತಗಣನೆಗೆ ದಾರಿಯಾಯಿತು. ಅಲ್ಲಿಯೂ ತೊಡಕಾದದ್ದು ಬದಲಿ ಸದಸ್ಯರ ವಿಷಯದಲ್ಲಿ: ಏಳು ಮಂದಿಯನ್ನು ನಿಯಮದಂತೆ ಹುಡುಕದೆ ಪರಿಚಯದ ಮೂಲಕ ಸೇರಿಸಿಕೊಂಡದ್ದು ಆಮೇಲೆ ಗೊತ್ತಾಗಿ ಅವರನ್ನು ಕೈಬಿಡಬೇಕಾಯಿತು. ಮೊದಲ ಆಯ್ಕೆಯ ಮೇಲೆ ಎಲ್ಲರ ಕಣ್ಣಿರುತ್ತದೆ, ಬದಲಿಯ ಮೇಲೆ ಇರುವುದಿಲ್ಲ.

ಅವಧಿ ಒಂದು ವರ್ಷ, ಆದರೆ 24 ಮಂದಿಯೂ ಒಟ್ಟಿಗೆ ಇಳಿಯಬಾರದು. ನಾಲ್ಕು ತಿಂಗಳಿಗೆ 8 ಜನ ಇಳಿದು 8 ಜನ ಏರಲಿ, ಆಗ ಅನುಭವ ಕೈಯಿಂದ ಕೈಗೆ ದಾಟುತ್ತದೆ. ನೀರು, ನೆಲ, ಶಾಲೆ, ಲೆಕ್ಕಪತ್ರ ಎಂದು ನಾಲ್ಕು ಮಂಡಳಿಗಳಿದ್ದರೆ ವರ್ಷಕ್ಕೆ 96 ಸ್ಥಾನ. ಏಳೆಂಟು ವರ್ಷಗಳಲ್ಲಿ ಪ್ರತಿಯೊಬ್ಬ ವಯಸ್ಕರಿಗೂ ಒಂದು ಸರದಿ. ನೆರೆಮನೆಯವರು ಇವತ್ತು ಲೆಕ್ಕ ನೋಡುತ್ತಿದ್ದಾರೆ, ನಾಳೆ ನಾನು ನೋಡುತ್ತೇನೆ ಎಂಬುದು ಗೊತ್ತಿದ್ದಾಗ ಆಡಳಿತದ ಭಾಷೆಯೇ ಬದಲಾಗುತ್ತದೆ.

ಚೀಟಿ ಒಂದೇ ಸಾಲದು ಎನ್ನುವವರ ವಾದವೂ ಗಟ್ಟಿಯಾಗಿದೆ. ವೆನಿಸ್‌ನಲ್ಲಿ 1268ರಿಂದ ಮುಖ್ಯಸ್ಥನನ್ನು ಆರಿಸುವಾಗ ಚೀಟಿಯನ್ನೂ ಮತವನ್ನೂ ಹೆಣೆದಿದ್ದರು: ಚೀಟಿಯಿಂದ 30, ಅವರಲ್ಲಿ ಚೀಟಿಯಿಂದಲೇ 9, ಅವರು ಆರಿಸಿದ 40, ಅವರಲ್ಲಿ ಚೀಟಿಯಿಂದ 12, ಹೀಗೆ ಹತ್ತು ಸುತ್ತು. ಆ ಗಣರಾಜ್ಯ 1797ರಲ್ಲಿ ಅಳಿಯುವವರೆಗೂ ಈ ಕ್ರಮ ನಡೆಯಿತು. ಯಾವ ಗುಂಪಿಗೂ ಮುಂದಿನ ಸುತ್ತಿನಲ್ಲಿ ಯಾರಿರುತ್ತಾರೆ ಎಂದು ಗೊತ್ತಿಲ್ಲದಿದ್ದರೆ ಲಂಚ ಕೊಡುವುದು ಯಾರಿಗೆ? ತಜ್ಞತೆ ಬೇಕಾದ ಹುದ್ದೆಗಳಿಗೆ, ಉದಾಹರಣೆಗೆ ಎಂಜಿನಿಯರ್ ಅಥವಾ ಆರೋಗ್ಯಾಧಿಕಾರಿಯ ನೇಮಕಕ್ಕೆ, ಅರ್ಹರ ಪಟ್ಟಿಯನ್ನು ಪರೀಕ್ಷೆಯಿಂದ ಮಾಡಿ, ನೇಮಿಸುವ ಸಮಿತಿಯನ್ನು ಚೀಟಿಯಿಂದ ಮಾಡುವುದು ಒಳ್ಳೆಯ ಬೆರಕೆ.

ಇನ್ನು ಮತ ಎಣಿಸುವ ಬಗೆ. ಹಣ ಒಂದೇ ಕೆಲಸಕ್ಕಿದೆ: ಬಾವಿ, ಶಾಲೆ, ರಸ್ತೆ. ಮೂರರಲ್ಲೊಂದು ಪಾಲಿನ ಜನರ ಕ್ರಮ ಬಾವಿ-ಶಾಲೆ-ರಸ್ತೆ, ಇನ್ನೊಂದು ಪಾಲು ಶಾಲೆ-ರಸ್ತೆ-ಬಾವಿ, ಮತ್ತೊಂದು ರಸ್ತೆ-ಬಾವಿ-ಶಾಲೆ. ಎರಡೆರಡನ್ನೇ ಇಟ್ಟು ಕೇಳಿದರೆ ಶಾಲೆಯನ್ನು ಬಾವಿ ಸೋಲಿಸುತ್ತದೆ, ರಸ್ತೆಯನ್ನು ಶಾಲೆ ಸೋಲಿಸುತ್ತದೆ, ಬಾವಿಯನ್ನು ರಸ್ತೆ ಸೋಲಿಸುತ್ತದೆ. ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ 1785ರಲ್ಲೇ ತೋರಿಸಿದ ಸುಳಿ ಇದು. ಇಂಥ ಕಡೆ ಯಾವ ಜೋಡಿಯನ್ನು ಮೊದಲು ಮತಕ್ಕೆ ಹಾಕಬೇಕು ಎಂದು ನಿರ್ಧರಿಸುವ ಅಧ್ಯಕ್ಷರೇ ಫಲಿತಾಂಶವನ್ನೂ ನಿರ್ಧರಿಸಿದಂತೆ. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ ನ್ಯಾಯದ ಎಲ್ಲ ಸಾಧಾರಣ ಷರತ್ತುಗಳನ್ನೂ ಒಟ್ಟಿಗೆ ಪೂರೈಸುವ ಮತಪದ್ಧತಿ ಇಲ್ಲವೆಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲಿ ಸಾಧಿಸಿದರು. ಆದ್ದರಿಂದ ಪರಿಪೂರ್ಣ ವಿಧಾನವನ್ನು ಹುಡುಕುತ್ತ ವರ್ಷ ಕಳೆಯಬೇಡಿ. ಎಲ್ಲರಿಂದ 1, 2, 3 ಎಂದು ಕ್ರಮಾಂಕ ಬರೆಸಿಕೊಂಡು ಎಲ್ಲ ಜೋಡಿಗಳನ್ನೂ ಒಟ್ಟಿಗೆ ಎಣಿಸಿ, ಸುಳಿ ಬಂದರೆ ಏನು ಮಾಡಬೇಕು ಎಂಬುದನ್ನು ಮತ ಹಾಕುವ ಮೊದಲೇ ಬರೆದಿಡಿ. ಫಲಿತಾಂಶ ಕಂಡ ಮೇಲೆ ಬರೆದ ನಿಯಮವನ್ನು ಸೋತವರು ಒಪ್ಪಲಾರರು.

ನಿಯಮ, ದಂಡ

ಒಳ್ಳೆಯ ನಿಯಮದ ಮೊದಲ ಗುಣ ಎಂದರೆ ಅದನ್ನು ಪಾಲಿಸಿದ್ದಾರೋ ಇಲ್ಲವೋ ಎಂದು ಅಗ್ಗದಲ್ಲಿ ತಿಳಿಯುವಂತಿರಬೇಕು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಹಳ್ಳಿಯಲ್ಲಿ ಬೆಟ್ಟದ ಸಾಮೂಹಿಕ ಹುಲ್ಲುಗಾವಲಿಗೆ 1517ರಲ್ಲಿ ಮಾಡಿಕೊಂಡ ಕಟ್ಟಳೆ ನನ್ನ ಅತ್ಯಂತ ಮೆಚ್ಚಿನದು. ಚಳಿಗಾಲದಲ್ಲಿ ನಿನ್ನ ಸ್ವಂತ ಮೇವಿನಿಂದ ಎಷ್ಟು ಹಸು ಸಾಕಬಲ್ಲೆಯೋ ಬೇಸಿಗೆಯಲ್ಲಿ ಅಷ್ಟನ್ನೇ ಬೆಟ್ಟಕ್ಕೆ ಕಳಿಸಬಹುದು. ಕಾವಲುಗಾರ ಬೇಕಿಲ್ಲ, ಹುಲ್ಲಿನ ಅಳತೆ ಬೇಕಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ ಹಸುಗಳನ್ನು ನೆರೆಯವರು ನೋಡಿಯೇ ಇರುತ್ತಾರೆ. ಇಂಥ ಕಡೆಗಳನ್ನು ಅಭ್ಯಾಸ ಮಾಡಿ ಸಾಮೂಹಿಕ ಸಂಪತ್ತು ಎಲ್ಲಿ ಉಳಿಯುತ್ತದೆ, ಎಲ್ಲಿ ಬರಿದಾಗುತ್ತದೆ ಎಂದು ವಿವರಿಸಿದ ಎಲಿನೋರ್ ಓಸ್ಟ್ರಮ್ ಅವರಿಗೆ 2009ರ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರು ಗುರುತಿಸಿದ ಲಕ್ಷಣಗಳಲ್ಲಿ ನಕ್ಷೆ ಬಿಡಿಸುವವರು ಮರೆಯುವುದು ಎರಡನ್ನು: ನಿಯಮಕ್ಕೆ ಒಳಪಡುವವರೇ ಅದನ್ನು ತಿದ್ದುವಂತಿರಬೇಕು, ಮತ್ತು ದಂಡ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು.

ಮೊದಲ ತಪ್ಪಿಗೇ ದೊಡ್ಡ ಶಿಕ್ಷೆ ಇಟ್ಟರೆ ಏನಾಗುತ್ತದೆ? ನೆರೆಯವರು ದೂರು ಕೊಡುವುದಿಲ್ಲ, ‘ಪಾಪ’ ಎನ್ನುತ್ತಾರೆ. ನಿಯಮ ಪುಸ್ತಕದಲ್ಲಿ ಉಳಿದು ಬೀದಿಯಲ್ಲಿ ಸಾಯುತ್ತದೆ. ಮೊದಲ ಸಲ ಮನೆಗೆ ಹೋಗಿ ಮಾತು, ಎರಡನೆಯ ಸಲ ಹಾಳಾದದ್ದನ್ನು ಸರಿಪಡಿಸುವ ಕೆಲಸ, ಮೂರನೆಯ ಸಲ ದಂಡ, ನಾಲ್ಕನೆಯದಕ್ಕೆ ಆ ಒಂದು ಸೌಲಭ್ಯದಿಂದ ಕೆಲ ಕಾಲ ದೂರ. ನೆಲದ ಮಟ್ಟದ ನೀರು, ಅನ್ನ, ಸೂರುಗಳನ್ನು ಮಾತ್ರ ಶಿಕ್ಷೆಯಾಗಿ ಕಡಿಯುವಂತಿಲ್ಲ. ದಂಡವನ್ನು ಹಣದ ಮೊತ್ತದಲ್ಲಿ ಹೇಳದೆ ‘ಇಷ್ಟು ದಿನದ ಆದಾಯ’ ಎಂದು ಹೇಳಿ. ಫಿನ್‌ಲೆಂಡಿನಲ್ಲಿ 1921ರಿಂದ ಇಂಥ ದಿನದಂಡ ಇದೆ. ಮೊತ್ತ ಒಂದೇ ಆದರೆ ಅದು ಬಡವರಿಗೆ ಶಿಕ್ಷೆ, ಉಳ್ಳವರಿಗೆ ಶುಲ್ಕ.

ವಿಚಾರಣೆ ಬೇಗ ಆಗಬೇಕು. ಸ್ಪೇನಿನ ವಲೆನ್ಸಿಯಾದ ನೀರಿನ ನ್ಯಾಯಮಂಡಳಿ ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲ ಮುಂದೆ ಬಯಲಲ್ಲಿ ಕೂರುತ್ತದೆ. ಎಂಟು ಕಾಲುವೆಗಳ ರೈತರೇ ಆರಿಸಿದ ಎಂಟು ಮಂದಿ, ವಾದವೆಲ್ಲ ಬಾಯಿಮಾತಿನಲ್ಲಿ, ತೀರ್ಪು ಅಲ್ಲೇ. ಕಾಲುವೆಯ ಜಗಳ ವರ್ಷಗಟ್ಟಲೆ ಎಳೆದರೆ ಪೈರು ಕಾಯುತ್ತದೆಯೆ?

ಮೋಸವಿಲ್ಲದೆಯೂ ಹಣ ಒಂದೇ ಕಡೆ ಸೇರುತ್ತದೆ

ಇದನ್ನು ನಂಬುವುದು ಕಷ್ಟ, ಹಾಗಾಗಿ ನಾಣ್ಯ ಹಿಡಿದು ಪರೀಕ್ಷಿಸಿ. ಎಲ್ಲರಿಗೂ 100 ಗುಲಗಂಜಿ ಕೊಡಿ. ಇಬ್ಬಿಬ್ಬರಂತೆ ಜೋಡಿ ಮಾಡಿ ನಾಣ್ಯ ಚಿಮ್ಮಿಸಿ. ಪಣ ಇಬ್ಬರಲ್ಲಿ ಕಡಿಮೆ ಇರುವವರ ಗುಲಗಂಜಿಗಳ ಐದನೆಯ ಒಂದು ಪಾಲು. ಆಟ ಪೂರ್ತಿ ನ್ಯಾಯವಾದದ್ದು, ಗೆಲ್ಲುವ ಸಾಧ್ಯತೆ ಸಮಸಮ. ಆದರೆ ಕಡಿಮೆ ಇರುವವರು ಒಮ್ಮೆ ಗೆದ್ದು ಒಮ್ಮೆ ಸೋತರೆ 100 ಹೋಗಿ 120, 120 ಹೋಗಿ 96. ಮೊದಲು ಸೋತು ಆಮೇಲೆ ಗೆದ್ದರೂ 80, ನಂತರ 96. ಸಾವಿರಾರು ಸುತ್ತು ಆಡಿದರೆ ಬಹುಪಾಲು ಗುಲಗಂಜಿ ಕೆಲವೇ ಕೈಗಳಲ್ಲಿರುತ್ತದೆ. ಆ ಕೆಲವರು ಜಾಣರೂ ಅಲ್ಲ, ಕಳ್ಳರೂ ಅಲ್ಲ.

ಪ್ರತಿ ಕೆಲವು ಸುತ್ತಿಗೊಮ್ಮೆ ಎಲ್ಲರಿಂದಲೂ ಅವರವರ ಗಂಟಿನ ಒಂದು ಸಣ್ಣ ಶೇಕಡಾ ಪಾಲು ತೆಗೆದು ಎಲ್ಲರಿಗೂ ಸಮನಾಗಿ ಹಂಚಿ ನೋಡಿ. ವ್ಯತ್ಯಾಸ ಉಳಿಯುತ್ತದೆ, ಆದರೆ ಒಂದೇ ಕೈಗೆ ಸೇರುವುದು ನಿಲ್ಲುತ್ತದೆ. ಸಂಪತ್ತಿನ ಮೇಲಿನ ತೆರಿಗೆಯನ್ನು ಉಳ್ಳವರಿಗೆ ವಿಧಿಸುವ ಶಿಕ್ಷೆಯೆಂದು ನೋಡುವುದೂ ಬಡವರಿಗೆ ಹಾಕುವ ಭಿಕ್ಷೆಯೆಂದು ನೋಡುವುದೂ ತಪ್ಪು. ದಿನಾ ಕಸ ಸೇರುವ ಅಂಗಳಕ್ಕೆ ದಿನಾ ಬೀಳುವ ಪೊರಕೆ ಅದು. ನಕ್ಷೆಯಲ್ಲಿ ದರವನ್ನೂ ಬರೆಯಿರಿ, ಅದಕ್ಕಿಂತ ಮುಖ್ಯವಾಗಿ ದಿನಾಂಕವನ್ನು ಬರೆಯಿರಿ. ‘ಬೇಕಾದಾಗ ಮರುಹಂಚಿಕೆ’ ಎಂದು ಬರೆದರೆ, ಬೇಕಾಗುವ ಹೊತ್ತಿಗೆ ಅದನ್ನು ತಡೆಯುವ ಶಕ್ತಿ ಆ ಕೆಲವು ಕೈಗಳಿಗೆ ಬಂದಿರುತ್ತದೆ.

ಹೊರಟುಹೋಗುವ ದಾರಿ

ಯಾವ ಸಮಾಜವೂ ಎಲ್ಲರಿಗೂ ಆದರ್ಶವಾಗದು. ಹೊರಡುವವರಿಗೆ ಬಾಗಿಲು ತೆರೆದಿದೆ ಎಂದರೆ ಸಾಲದು, ದಾರಿಖರ್ಚು ಇರಬೇಕು. ಮನೆ, ಉಳಿತಾಯ, ವೃದ್ಧಾಪ್ಯದ ಆಸರೆ ಎಲ್ಲವೂ ಸದಸ್ಯತ್ವಕ್ಕೆ ಕಟ್ಟಿಕೊಂಡಿದ್ದರೆ 50 ವರ್ಷದ ವ್ಯಕ್ತಿ ಎಲ್ಲಿಗೆ ಹೋದಾರು? ಒಂದು ವರ್ಷ ಇದ್ದದ್ದಕ್ಕೆ ಒಂದು ತಿಂಗಳ ಬದುಕಿನ ವೆಚ್ಚ, ಹೆಚ್ಚೆಂದರೆ 12 ತಿಂಗಳು ಎಂಬ ಲೆಕ್ಕ ನೋಡಿ. ದುಡಿಯುವ 600ರಲ್ಲಿ ಶೇ. 5, ಅಂದರೆ 30 ಜನ ಒಂದೇ ವರ್ಷ ಹೊರಟರೂ ಗರಿಷ್ಠ 360 ತಿಂಗಳ ವೆಚ್ಚ. ಅಷ್ಟು ನಿಧಿಯನ್ನು ಬೇರೆಯಾಗಿ ಇಡಿ, ನಿಧಿ ಸಾಕಾಗದ ವರ್ಷ ಮೂರು ಕಂತಿನಲ್ಲಿ ಕೊಡುವ ಅವಕಾಶ ಇರಲಿ. ಮೊದಲ ಹತ್ತು ವರ್ಷ ಈ ನಿಧಿಯನ್ನು ಯಾವ ತುರ್ತಿಗೂ ಮುಟ್ಟದಿರುವುದೇ ಕಷ್ಟದ ಭಾಗ. ಇಲ್ಲೇ ಉಳಿದು ಒಪ್ಪದಿರುವವರಿಗೂ ಜಾಗ ಬೇಕು: ಮಂಡಳಿಯ ಪ್ರತಿ ತೀರ್ಮಾನದ ಜೊತೆ ಭಿನ್ನಮತವನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಪ್ರಕಟಿಸಿ. ಎರಡು ವರ್ಷದ ಮೇಲೆ ತೀರ್ಮಾನ ತಪ್ಪೆಂದು ಕಂಡರೆ ತಿದ್ದುವ ದಾರಿ ಆ ಹಾಳೆಯಲ್ಲೇ ಬರೆದಿರುತ್ತದೆ.

ನಿಯಮಗಳಿಗೂ ಆಯಸ್ಸಿರಲಿ. ಅಮೆರಿಕದ ರಾಜಕಾರಣಿ ಥಾಮಸ್ ಜೆಫರ್ಸನ್ 1789ರ ಒಂದು ಪತ್ರದಲ್ಲಿ ಒಂದು ತಲೆಮಾರಿನ ಲೆಕ್ಕ ಹಾಕಿ, ಯಾವ ಕಾನೂನೂ 19 ವರ್ಷದ ಮೇಲೆ ತಾನಾಗಿ ಕೊನೆಗೊಳ್ಳಬೇಕು ಎಂದು ವಾದಿಸಿದ್ದರು. ಸಣ್ಣ ನೆಲೆಗೆ 5 ವರ್ಷ ಸಾಕು. 60 ನಿಯಮಗಳಿದ್ದರೆ ಎಲ್ಲದರ ಅವಧಿ ಒಂದೇ ದಿನ ಮುಗಿಯದಂತೆ ತಿಂಗಳಿಗೊಂದರಂತೆ ಹರಡಿ. ಇಲ್ಲದಿದ್ದರೆ ಆ ವರ್ಷದ ಸಭೆ ಓದದೆಯೇ ‘ಮುಂದುವರಿಸಿ’ ಎಂದು ಮುದ್ರೆ ಒತ್ತುತ್ತದೆ.

ನಕ್ಷೆ ಮುಗಿದ ಮೇಲಿನ ಪರೀಕ್ಷೆ

ಬ್ರೆಜಿಲಿನ ಹೊಸ ರಾಜಧಾನಿ ಬ್ರೆಸೀಲಿಯಾ 1960ರ ಏಪ್ರಿಲ್ 21ರಂದು ಉದ್ಘಾಟನೆಯಾಯಿತು. ಲೂಸಿಯೊ ಕೋಸ್ಟಾ ಬಿಡಿಸಿದ ನಕ್ಷೆ ಇಂದಿಗೂ ಮನಸೆಳೆಯುತ್ತದೆ. ಅದನ್ನು ಕಟ್ಟಲು ಬಂದ ಕೂಲಿಕಾರರಿಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ಅವರ ಒತ್ತಡದಿಂದ ಟಾಗ್ವಾಟಿಂಗಾ ಎಂಬ ಊರನ್ನು 1958ರಲ್ಲೇ ದೂರದಲ್ಲಿ ಹುಟ್ಟುಹಾಕಬೇಕಾಯಿತು. ಆದರ್ಶ ನಗರಕ್ಕಿಂತ ಮೊದಲೇ ಅದರ ಹೊರಗಿನ ಊರು ಹುಟ್ಟಿತ್ತು.

ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲಿ ಮುಂದಿಟ್ಟ ಅಜ್ಞಾನದ ಪರದೆಯ ಯೋಚನೆ ಇಂಥ ಮರೆವಿಗೆ ಮದ್ದು: ನೀನು ಆ ಸಮಾಜದಲ್ಲಿ ಯಾರಾಗಿರುತ್ತೀಯ ಎಂದು ತಿಳಿಯದೆ ಅದರ ನಿಯಮ ಬರೆ. ಮನಸ್ಸಿನಲ್ಲೇ ಮಾಡಿದರೆ ಎಲ್ಲರೂ ತಮ್ಮನ್ನೇ ಕಲ್ಪಿಸಿಕೊಳ್ಳುತ್ತಾರೆ, ಆದ್ದರಿಂದ ಕಾಗದದಲ್ಲಿ ಮಾಡಿ. 20 ಚೀಟಿ ಬರೆಯಿರಿ. ನಿನ್ನೆ ಬಂದ, ಇಲ್ಲಿನ ಭಾಷೆ ಬಾರದ ಹೆಂಗಸು. ನಾಲ್ಕನೆಯ ಸಲ ನಿಯಮ ಮುರಿದವನು. ಹಾಸಿಗೆ ಹಿಡಿದ 80ರ ವೃದ್ಧೆ. ಸ್ಥಾಪಕರ ನಂಬಿಕೆಯನ್ನು ನಂಬದ 17ರ ಹುಡುಗಿ. ಕಿವಿ ಕೇಳದ ಮಗು. ಶೌಚಗುಂಡಿಯ ಸರದಿಯಲ್ಲಿರುವವನು. ಹೊರಡಬೇಕೆಂದು ತೀರ್ಮಾನಿಸಿದ ಎರಡು ಮಕ್ಕಳ ತಂದೆ. ಜನಪ್ರಿಯನಾದ, ಎರಡನೆಯ ಅವಧಿ ಬೇಕೆನ್ನುವ ಮಂಡಳಿ ಸದಸ್ಯ. ಕೊನೆಯ ಚೀಟಿಯನ್ನು ಮರೆಯಬೇಡಿ, ನಿಯಮಗಳ ಬಿರುಕುಗಳನ್ನು ಅತಿ ಬೇಗ ಪತ್ತೆ ಮಾಡುವವರು ಅವರೇ.

ನಕ್ಷೆ ಬರೆದ ಪ್ರತಿಯೊಬ್ಬರೂ ಒಂದೊಂದು ಚೀಟಿ ಎತ್ತಿ, ಆ ವ್ಯಕ್ತಿಯ ಒಂದು ಮಂಗಳವಾರವನ್ನು ಬೆಳಗಿನಿಂದ ರಾತ್ರಿವರೆಗೆ ಗಂಟೆ ಗಂಟೆಯಾಗಿ ಬರೆಯಲಿ: ನೀರು ಎಲ್ಲಿಂದ ತಂದರು, ಯಾರ ಜೊತೆ ಮಾತಾಡಿದರು, ಕೆಲಸ ಎಷ್ಟು ಹೊತ್ತು, ದೂರು ಎಲ್ಲಿ ಕೊಟ್ಟರು, ಅದಕ್ಕೆ ಉತ್ತರ ಯಾವಾಗ ಬಂತು. ಬರೆಯುತ್ತ ಬರೆಯುತ್ತ ‘ಯಾರೋ ನೋಡಿಕೊಳ್ಳುತ್ತಾರೆ’ ಎಂಬ ವಾಕ್ಯ ಎಲ್ಲಿ ಬರುತ್ತದೋ ಅಲ್ಲಿ ಕೆಂಪು ಗೆರೆ ಎಳೆಯಿರಿ. ಎಲ್ಲ ಹಾಳೆಗಳನ್ನೂ ಗೋಡೆಗೆ ಅಂಟಿಸಿದ ಮೇಲೆ ಅತಿ ಹೆಚ್ಚು ಕೆಂಪು ಗೆರೆ ಬಿದ್ದಿರುವ ಹಾಳೆಯನ್ನು ಕೆಳಗಿಳಿಸಿ, ಮರುದಿನದ ಕೆಲಸವನ್ನು ಅದರಿಂದ ಶುರು ಮಾಡಿ.